ಹೆಂಡ್ರಿಕ್ ಡೆ ಕೈಸರ್ ಮತ್ತು ಅವನ ಮೂರು ಚರ್ಚ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಆಮ್‌ಸ್ಟರ್‌ಡಾಮ್ ಪಕ್ಕದಲ್ಲಿ ನೆಲೆಸಿದ ಮೇಲೆ, ಊರಿಂದ ಬರುವ ನೆಂಟರಿಗೆ, ಗೆಳೆಯರಿಗೆ ಈ ನಗರ ತೋರಿಸುವುದು ನನ್ನ ಪಾಲಿಗೆ ಬಂದಿದೆ. ಕಾಲುವೆ ದಂಡೆಯಲ್ಲಿ ನಡೆಯುತ್ತಾ ಹೋದರೆ ಒಂದಲ್ಲ ಒಂದು ತಿರುವಿನಲ್ಲಿ ಗೋಪುರ ಎದುರಾಗುತ್ತದೆ. "ಇದನ್ನು ಕಟ್ಟಿದ್ದು ಯಾರು?" ಅಂತ ಕೇಳುತ್ತಾರೆ. ಬಹಳಷ್ಟು ಸಲ ಉತ್ತರ ಒಂದೇ, ಹೆಂಡ್ರಿಕ್ ಡೆ ಕೈಸರ್. ಅಲ್ಲಿಂದ ಶುರುವಾಗುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ನನಗೆ ಈ ಮನುಷ್ಯನ ಕೆಲಸದ ಮೇಲೆ ತುಂಬಾ ಪ್ರೀತಿ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಯಾರಿವನು? ಎಲ್ಲಿಯವನು?

ಹುಟ್ಟಿದ್ದು 1565ರಲ್ಲಿ, ಉಟ್ರೆಕ್ಟ್ ಊರಿನಲ್ಲಿ. ಅಪ್ಪ ಮರದ ಪೀಠೋಪಕರಣ ಮಾಡುವ ಬಡಗಿ. ಹುಡುಗ ಕೆಲಸ ಕಲಿತದ್ದು ಕಾರ್ನೆಲಿಸ್ ಬ್ಲೂಮಾರ್ಟ್ ಎಂಬ ಶಿಲ್ಪಿಯ ಹತ್ತಿರ. 1591ರಲ್ಲಿ ಗುರುವಿಗೆ ಆಮ್‌ಸ್ಟರ್‌ಡಾಮ್‌ನಲ್ಲಿ ಕೆಲಸ ಸಿಕ್ಕಿತು, ಶಿಷ್ಯನೂ ಅವನ ಹಿಂದೆಯೇ ಬಂದ. ಅದೇ ವರ್ಷ ಆಂಟ್‌ವರ್ಪ್ ಕಡೆಯ ಹುಡುಗಿಯನ್ನು ಮದುವೆಯಾಗಿ ಇಲ್ಲೇ ಉಳಿದ. ಗುರು ವಾಪಸ್ ಹೋದ, ಶಿಷ್ಯ ಹೋಗಲಿಲ್ಲ. 1595ರಲ್ಲಿ ನಗರಸಭೆ ಅವನನ್ನು ಊರಿನ ಕಲ್ಲುಕುಟಿಗ ಮತ್ತು ಶಿಲ್ಪಿಯಾಗಿ ನೇಮಿಸಿಕೊಂಡಿತು. 1621ರ ಮೇ ತಿಂಗಳಲ್ಲಿ ಸಾಯುವವರೆಗೂ ಅದೇ ಕೆಲಸ. ಒಟ್ಟು 26 ವರ್ಷ.

ಆರ್ಕಿಟೆಕ್ಟ್ ಅಂದರೆ ಈಗಿನ ಥರ ಆಫೀಸ್ ಇಟ್ಟುಕೊಂಡು ಡ್ರಾಯಿಂಗ್ ಮಾಡುವವನಾ?

ಅಲ್ಲ. ಇದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಆಗ ಊರಿನ ಕಟ್ಟಡ ಕೆಲಸವನ್ನು ನಗರಸಭೆಯ ಸಂಬಳದ ಮೇಸ್ತ್ರಿಗಳು ಹಂಚಿಕೊಂಡು ಮಾಡುತ್ತಿದ್ದರು. ಡೆ ಕೈಸರ್ ಕಲ್ಲಿನವನು. ಹೆಂಡ್ರಿಕ್ ಸ್ಟಾಟ್ಸ್ ಎಂಬವನು ಮರದವನು, ಅಂದರೆ ಊರಿನ ಬಡಗಿ. ಕಾರ್ನೆಲಿಸ್ ಡಾಂಕರ್ಟ್ಸ್ ಇಟ್ಟಿಗೆ, ಗಾರೆ ನೋಡಿಕೊಳ್ಳುವವನು. ಕಟ್ಟಡ ಏಳುವುದು ಮೂವರ ಕೈಯಿಂದ. ಯಾವ ಗೆರೆ ಯಾರು ಎಳೆದದ್ದು ಅಂತ ಕೆಲವು ಕಡೆ ಇವತ್ತಿಗೂ ಇತಿಹಾಸಕಾರರಲ್ಲಿ ಒಮ್ಮತ ಇಲ್ಲ. ಆದರೆ ರೂಪ ಕೊಡುವ ವಿಷಯದಲ್ಲಿ ಮೂವರಲ್ಲಿ ಮುಂದೆ ನಿಂತವನು ಡೆ ಕೈಸರ್. ಕಲ್ಲು ಕೆತ್ತುವ ಕೈಗೆ ಗೋಡೆ, ಗೋಪುರದ ಅಂದಾಜೂ ಬಂತು ಅನ್ನಬಹುದು.

ಊರಿನಲ್ಲಿ ಮೊದಲೇ ಚರ್ಚ್‌ಗಳಿದ್ದವು ಅಲ್ವಾ? ಹೊಸದು ಯಾಕೆ ಬೇಕಾಯಿತು?

ಇದ್ದವು. ಔಡೆ ಕೆರ್ಕ್ ಅಂದರೆ ಹಳೇ ಚರ್ಚ್, ನ್ಯೂವೆ ಕೆರ್ಕ್ ಅಂದರೆ ಹೊಸ ಚರ್ಚ್. ಹೆಸರು ಹೊಸ ಚರ್ಚ್ ಅಂತಿದ್ದರೂ ಅದೂ ಹಳೆಯ ಕಾಲದ್ದೇ. ಎರಡೂ ಕಥೊಲಿಕರು ಕಟ್ಟಿದವು. 1566ರಲ್ಲಿ ನೆದರ್ಲೆಂಡ್ಸ್ ಕಡೆ ಚರ್ಚ್‌ಗಳ ಮೂರ್ತಿ ಒಡೆಯುವ ಗಲಾಟೆ ಎದ್ದಿತು. 1578ರ ಮೇ 26ರಂದು ಆಮ್‌ಸ್ಟರ್‌ಡಾಮ್‌ನ ಆಡಳಿತ ಕಥೊಲಿಕರ ಕೈಯಿಂದ ಪ್ರೊಟೆಸ್ಟಂಟರ ಕೈಗೆ ಬಂತು. ಹಳೇ ಚರ್ಚ್‌ಗಳನ್ನೇ ಖಾಲಿ ಮಾಡಿ, ಗೋಡೆಗೆ ಸುಣ್ಣ ಬಳಿದು, ಅದರಲ್ಲೇ ಆರಾಧನೆ ಶುರು ಮಾಡಿದರು.

ಆದರೆ ಊರು ಬೆಳೆಯುತ್ತಿತ್ತು. 1585ರಲ್ಲಿ ಆಂಟ್‌ವರ್ಪ್ ಸ್ಪೇನಿನವರ ವಶವಾದ ಮೇಲೆ ಅಲ್ಲಿನ ವ್ಯಾಪಾರಿಗಳು, ಕುಶಲಕರ್ಮಿಗಳು ಗುಂಪು ಗುಂಪಾಗಿ ಉತ್ತರಕ್ಕೆ ಬಂದರು. 1578ರ ಹೊತ್ತಿಗೆ ಸುಮಾರು 30,000 ಜನ ಇದ್ದ ಊರಿನಲ್ಲಿ 1622ಕ್ಕೆ ಹತ್ತಿರ ಹತ್ತಿರ 1,05,000 ಜನ. ಎರಡು ಹಳೇ ಚರ್ಚ್ ಎಲ್ಲಿ ಸಾಕಾಗುತ್ತದೆ? ಹೊಸ ಬಡಾವಣೆ ಬಂದ ಕಡೆಯೆಲ್ಲ ಹೊಸ ಚರ್ಚ್ ಬೇಕಾಯಿತು. ಹೆಸರು ಇಟ್ಟಿದ್ದೂ ಅಷ್ಟೇ ಸರಳವಾಗಿ. ಝೌಡರ್‌ಕೆರ್ಕ್ ಅಂದರೆ ದಕ್ಷಿಣದ ಚರ್ಚ್, ನೋರ್ಡರ್‌ಕೆರ್ಕ್ ಅಂದರೆ ಉತ್ತರದ್ದು, ವೆಸ್ಟರ್‌ಕೆರ್ಕ್ ಅಂದರೆ ಪಶ್ಚಿಮದ್ದು. ಸಂತರ ಹೆಸರು ಇಡುವ ಪದ್ಧತಿಯನ್ನು ಅವರು ಬಿಟ್ಟಿದ್ದರು.

ಪ್ರೊಟೆಸ್ಟಂಟ್ ಚರ್ಚ್ ಅಂದರೆ ಕಟ್ಟಡದಲ್ಲಿ ಏನು ವ್ಯತ್ಯಾಸ? ಚರ್ಚ್ ಚರ್ಚೇ ತಾನೇ?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ಡೆ ಕೈಸರ್‌ನ ಎಲ್ಲ ಕಷ್ಟವೂ ಇಲ್ಲೇ ಇದೆ.

ಹಳೆಯ ಕಥೊಲಿಕ ಚರ್ಚ್ ನೋಡುವ ಜಾಗ. ಬಾಗಿಲಿಂದ ಒಳಗೆ ಬಂದರೆ ಉದ್ದನೆಯ ಹಾದಿ, ಅದರ ತುದಿಯಲ್ಲಿ ಬಲಿಪೀಠ. ಕಣ್ಣು ತಾನಾಗಿ ಆ ಕಡೆ ಹೋಗುತ್ತದೆ. ಪಕ್ಕದಲ್ಲಿ ಸಣ್ಣ ಪೀಠಗಳು, ಸಂತರ ಮೂರ್ತಿಗಳು, ಬಣ್ಣದ ಗಾಜು, ಮೆರವಣಿಗೆ ಸುತ್ತು ಬರಲು ದಾರಿ. ಕ್ಯಾಲ್ವಿನ್ ಎಂಬ ಸುಧಾರಕನ ಪಂಥದ ಪ್ರೊಟೆಸ್ಟಂಟ್ ಡಚ್ಚರಿಗೆ ಇದ್ಯಾವುದೂ ಬೇಡ. ಅವರಿಗೆ ಚರ್ಚ್ ಎಂದರೆ ಕೇಳುವ ಜಾಗ. ಸಭಾಪಾಲಕರು ಪ್ರಸಂಗ ಪೀಠ ಹತ್ತಿ ವಾಕ್ಯ ಓದುತ್ತಾರೆ, ಅದರ ಮೇಲೆ ಪ್ರಸಂಗ ಮಾಡುತ್ತಾರೆ, ಅದೂ ಒಂದು ಗಂಟೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಜನ ಕೂತು ಕೇಳುತ್ತಾರೆ, ಕೀರ್ತನೆ ಹಾಡುತ್ತಾರೆ. ಪ್ರತಿಯೊಬ್ಬರಿಗೂ ಮಾತು ಕೇಳಿಸಬೇಕು. ಮೈಕ್ ಇಲ್ಲದ ಕಾಲ. ಸಾವಿರಾರು ಜನ.

ಉದ್ದನೆಯ ಚರ್ಚ್‌ನಲ್ಲಿ ಪ್ರಸಂಗ ಪೀಠವನ್ನು ತುದಿಯಲ್ಲಿಟ್ಟರೆ ಹಿಂದಿನವರಿಗೆ ಏನೂ ಕೇಳುವುದಿಲ್ಲ. ಅದಕ್ಕೇ ಹಳೇ ಚರ್ಚ್‌ಗಳಲ್ಲಿ ಅದನ್ನು ಮಧ್ಯದ ಒಂದು ಕಂಬಕ್ಕೆ ಕೂಡಿಸಿ, ಬೆಂಚುಗಳನ್ನೆಲ್ಲ ಆ ಕಡೆಗೆ ತಿರುಗಿಸಿದರು. ಕಟ್ಟಡ ಒಂದು ಕಡೆ ನೋಡುತ್ತಿದೆ, ಜನ ಇನ್ನೊಂದು ಕಡೆ ನೋಡುತ್ತಿದ್ದಾರೆ! ಹಳೇ ಕಟ್ಟಡಕ್ಕೆ ಬೇರೆ ದಾರಿಯಿಲ್ಲ. ಹೊಸದಾಗಿ ಕಟ್ಟುವುದಾದರೆ? ಕೇಳುವ ಮನೆಯ ಆಕಾರ ಹೇಗಿರಬೇಕು? ಯಾರ ಹತ್ತಿರವೂ ಸಿದ್ಧ ಉತ್ತರ ಇರಲಿಲ್ಲ. ಡೆ ಕೈಸರ್ ಹುಡುಕಿದ್ದು ಇದನ್ನೇ, ಮೂರು ಚರ್ಚ್‌ಗಳಲ್ಲಿ ಮೂರು ಥರ.

ದೇಶದ ಮೊದಲ ಪ್ರೊಟೆಸ್ಟಂಟ್ ಚರ್ಚ್ ಇವನದೇನಾ?

ಆಮ್‌ಸ್ಟರ್‌ಡಾಮ್‌ನಲ್ಲಿ ಮೊದಲನೆಯದು ಇವನದು. ದೇಶಕ್ಕೆ ಮೊದಲನೆಯದು ದಕ್ಷಿಣದ ವಿಲ್ಲೆಮ್‌ಸ್ಟಾಡ್ ಎಂಬ ಪುಟ್ಟ ಕೋಟೆಯೂರಿನಲ್ಲಿದೆ. 1597ರಿಂದ 1607ರವರೆಗೆ ಕಟ್ಟಿದ್ದು, ಎಂಟು ಮೂಲೆಯದು. ಆಗ ದೇಶದ ಮುಂದಾಳಾಗಿದ್ದ ರಾಜಕುಮಾರ ಮಾರಿಟ್ಸ್ ಹಣ ಕೊಡುವಾಗಲೇ ಷರತ್ತು ಹಾಕಿದ್ದ, ಕಟ್ಟಡ ದುಂಡಗಿರಬೇಕು ಅಥವಾ ಎಂಟು ಮೂಲೆ ಇರಬೇಕು ಅಂತ. ಅಂದರೆ ಪ್ರಸಂಗ ಪೀಠದ ಸುತ್ತ ಜನ ಕೂರುವ ಆಲೋಚನೆ ಆಗಲೇ ಗಾಳಿಯಲ್ಲಿತ್ತು. ಆದರೆ ಸಣ್ಣ ಊರಿನ ಸಣ್ಣ ಚರ್ಚ್ ಬೇರೆ, ದಿನದಿನಕ್ಕೂ ಊದಿಕೊಳ್ಳುತ್ತಿದ್ದ ಆಮ್‌ಸ್ಟರ್‌ಡಾಮ್ ಬೇರೆ.

ಝೌಡರ್‌ಕೆರ್ಕ್ ಬಗ್ಗೆ ಹೇಳಿ.

ಕೆಲಸ ಶುರುವಾಗಿದ್ದು 1603ರಲ್ಲಿ, ಆರಾಧನೆಗೆ ತೆರೆದದ್ದು 1611ರಲ್ಲಿ, ಗೋಪುರ ಮುಗಿದದ್ದು 1614ರಲ್ಲಿ. ಇದು ಅವನ ಮೊದಲ ಪ್ರಯತ್ನ, ಅದು ಗೊತ್ತಾಗುತ್ತದೆ. ನೆಲದ ನಕ್ಷೆ ಹಳೆಯ ಚರ್ಚ್‌ಗಳದ್ದೇ ನೆನಪು: ಆಯತಾಕಾರ, ಎರಡು ಸಾಲು ಕಂಬ, ನಡುವೆ ಎತ್ತರದ ಅಂಕಣ, ಅಕ್ಕಪಕ್ಕ ತಗ್ಗಿನವು. ಬಲಿಪೀಠದ ಜಾಗ ಮಾತ್ರ ತೆಗೆದುಹಾಕಿದ್ದಾನೆ. ಹಳೇ ಅಂಗಿಯ ತೋಳು ಕತ್ತರಿಸಿ ಹೊಸದು ಮಾಡಿಕೊಂಡ ಹಾಗೆ. ಇದನ್ನು ನಾನು ಸೋಲು ಅನ್ನುವುದಿಲ್ಲ. ಅಡಿಪಾಯ ಹಾಕುವಾಗ ವಿಲ್ಲೆಮ್‌ಸ್ಟಾಡಿನದ್ದು ಕೂಡ ಇನ್ನೂ ಮುಗಿದಿರಲಿಲ್ಲ. ಕಣ್ಣೆದುರಿಗೆ ಇದ್ದ ಮಾದರಿಯನ್ನೇ ಹಿಡಿದುಕೊಂಡು ಮುಂದೆ ಹೋಗಿದ್ದಾನೆ.

ಗೋಪುರದಲ್ಲಿ ಮಾತ್ರ ಅವನಿಗೆ ಯಾವ ಹಿಂಜರಿಕೆಯೂ ಇಲ್ಲ. ಕೆಳಗೆ ಚೌಕದ ಇಟ್ಟಿಗೆ, ಅದರ ಮೇಲೆ ಎಂಟು ಮೂಲೆಯ ಮರಳುಗಲ್ಲಿನ ಅಂತಸ್ತು, ಮೂಲೆಗಳಲ್ಲಿ ಬಿಡಿಯಾಗಿ ನಿಂತ ಕಂಬಗಳು, ಮೇಲೆ ಸೀಸದ ತಗಡು ಹೊದಿಸಿದ ಮರದ ಶಿಖರ. ಒಳಗಿನ ಗಂಟೆಗಳನ್ನು 1656ರಲ್ಲಿ ಎರಕ ಹೊಯ್ದವರು ಹೆಮೊನಿ ಅಣ್ಣತಮ್ಮಂದಿರು. ಸುಮಾರು 1874ರಲ್ಲಿ ಫ್ರಾನ್ಸಿನ ಕ್ಲೋಡ್ ಮೋನೆ ಇಲ್ಲಿಗೆ ಬಂದಾಗ, ಕಾಲುವೆಯ ತುದಿಯಲ್ಲಿ ಕಾಣುವ ಈ ಗೋಪುರದ ಚಿತ್ರ ಬರೆದ. ಆ ಚಿತ್ರ ಈಗ ಅಮೆರಿಕದ ಫಿಲಡೆಲ್ಫಿಯಾದಲ್ಲಿದೆ. ಅವನು ನಿಂತ ಕಡೆಯಲ್ಲೇ ಈಗಲೂ ಜನ ನಿಂತು ಫೋಟೋ ತೆಗೆಯುತ್ತಾರೆ.

1929ರಲ್ಲಿ ಇಲ್ಲಿ ಆರಾಧನೆ ನಿಂತಿತು. ಆಮೇಲೆ 1944-45ರ ಹಸಿವಿನ ಚಳಿಗಾಲ ಬಂತು. ಜರ್ಮನರ ಹಿಡಿತದಲ್ಲಿದ್ದ ಊರಿನಲ್ಲಿ ಅನ್ನ ಇಲ್ಲ, ಉರುವಲು ಇಲ್ಲ. ಸತ್ತವರನ್ನು ಹೂಳಲು ಕೈ ಸಾಲದೆ ಹೆಣಗಳನ್ನು ಈ ಚರ್ಚ್‌ನ ನೆಲದ ಮೇಲೆ ಸಾಲಾಗಿ ಇಟ್ಟಿದ್ದರು. ಒಳಗೆ ಹೋದಾಗ ಇದು ನೆನಪಾದರೆ ನನಗೆ ಮಾತು ಹೊರಡುವುದಿಲ್ಲ. ಈಗ ಅದು ಸಭೆ, ಸಮಾರಂಭ ನಡೆಯುವ ಜಾಗ.

ನೋರ್ಡರ್‌ಕೆರ್ಕ್‌ನಲ್ಲಿ ಅಷ್ಟು ವಿಶೇಷ ಏನಿದೆ? ಹೊರಗಿನಿಂದ ಸಾದಾ ಕಾಣುತ್ತದೆ.

ಸಾದಾನೇ. ಮೂರರಲ್ಲಿ ನನಗೆ ಅತಿ ಇಷ್ಟವಾದದ್ದೂ ಇದೇ.

1613ರಿಂದ ಊರು ಪಶ್ಚಿಮಕ್ಕೆ ಹರಡಿತು. ಈಗ ಪ್ರವಾಸಿಗರು ನೋಡಲು ಬರುವ ದೊಡ್ಡ ಕಾಲುವೆಗಳು ಆಗ ತೋಡಿದವು. ಕಾಲುವೆ ದಂಡೆಯಲ್ಲಿ ಶ್ರೀಮಂತ ವ್ಯಾಪಾರಿಗಳ ಮನೆ, ಅದರಾಚೆ ಯೋರ್ಡಾನ್ ಎಂಬ ಬಡಾವಣೆಯಲ್ಲಿ ಕೂಲಿಯವರು, ಕಸುಬಿನವರು, ವಲಸೆ ಬಂದವರು. 1620ರಲ್ಲಿ ನಗರಸಭೆ ಎರಡು ಚರ್ಚ್ ಕೆಲಸವನ್ನು ಒಟ್ಟಿಗೆ ಹಿಡಿಯಿತು. ವೆಸ್ಟರ್‌ಕೆರ್ಕ್ ದೊಡ್ಡ ಕಾಲುವೆಯ ದಂಡೆಗೆ. ನೋರ್ಡರ್‌ಕೆರ್ಕ್ ಯೋರ್ಡಾನ್ ಜನಕ್ಕೆ. ಇದು 1623ರ ಈಸ್ಟರ್ ಹೊತ್ತಿಗೆ ಆರಾಧನೆಗೆ ತೆರೆಯಿತು.

ನಕ್ಷೆ ಹೀಗಿದೆ: ನಾಲ್ಕು ತೋಳೂ ಸಮ ಉದ್ದ ಇರುವ ಶಿಲುಬೆ. ತೋಳುಗಳ ನಡುವಿನ ನಾಲ್ಕು ಮೂಲೆಗಳಲ್ಲಿ ತಗ್ಗಿನ ಕಟ್ಟಡ ತುಂಬಿಸಿದ್ದರಿಂದ ಹೊರಗಿನಿಂದ ಎಂಟು ಮೂಲೆ ಕಾಣುತ್ತದೆ. ದೊಡ್ಡ ಗೋಪುರ ಇಲ್ಲ, ಚಾವಣಿಯ ನಡುಮಧ್ಯೆ ಒಂದು ಪುಟ್ಟ ಗೋಪುರ ಅಷ್ಟೇ. ಒಳಗೆ ಹೋಗಿ ನೋಡಿ. ಪ್ರಸಂಗ ಪೀಠ ನಡುವಿನ ಒಂದು ಕಂಬಕ್ಕೆ ಒರಗಿ ನಿಂತಿದೆ, ಬೆಂಚುಗಳೆಲ್ಲ ಅದರ ಸುತ್ತ. ಈ ಕಟ್ಟಡಕ್ಕೆ ಮುಂದೆ, ಹಿಂದೆ ಅನ್ನುವುದೇ ಇಲ್ಲ. ಯಾವ ತೋಳಿನಲ್ಲಿ ಕೂತರೂ ಮಾತಾಡುವವರು ಹತ್ತಿರವೇ. ನಮ್ಮ ಹಳ್ಳಿಯ ಅರಳಿಕಟ್ಟೆಯ ಸುತ್ತ ಜನ ಕೂತ ಹಾಗೆ. ಜನ ಮತ್ತು ಕಟ್ಟಡ ಎರಡೂ ಕೊನೆಗೂ ಒಂದೇ ಕಡೆ ನೋಡುತ್ತಿವೆ.

ಇದರ ನಕ್ಷೆ ಡೆ ಕೈಸರ್‌ನದೋ, ಬಡಗಿ ಸ್ಟಾಟ್ಸ್‌ನದೋ ಅನ್ನುವ ಚರ್ಚೆ ಇದೆ. ಹೆಚ್ಚಿನವರು ಡೆ ಕೈಸರ್ ಹೆಸರು ಹೇಳುತ್ತಾರೆ, ಜೊತೆಗೆ ಸ್ಟಾಟ್ಸ್‌ನ ಹೆಸರನ್ನೂ ಸೇರಿಸುತ್ತಾರೆ. ಮೇಲೆ ಹೇಳಿದೆನಲ್ಲ, ಅವರು ಒಟ್ಟಿಗೆ ಕೆಲಸ ಮಾಡುತ್ತಿದ್ದವರು.

ಇನ್ನೊಂದು ವಿಷಯ. ಈ ಚರ್ಚ್ ಎದುರಿನ ಮಾರ್ಕೆಟ್ ಚೌಕದಲ್ಲಿ 1941ರ ಫೆಬ್ರವರಿ 24ರ ಸಂಜೆ ಜನ ಸೇರಿದ್ದರು, ಜರ್ಮನರು ಯಹೂದಿಗಳನ್ನು ಹಿಡಿದುಕೊಂಡು ಹೋಗುತ್ತಿರುವುದನ್ನು ವಿರೋಧಿಸಿ ಮುಷ್ಕರಕ್ಕೆ ಕರೆ ಕೊಡಲು. ಮರುದಿನ ಊರಿಗೆ ಊರೇ ಕೆಲಸ ನಿಲ್ಲಿಸಿತು. ಆ ನೆನಪಿನ ಫಲಕ ಚರ್ಚ್ ಗೋಡೆಯ ಮೇಲಿದೆ. ಶನಿವಾರ ತರಕಾರಿ ಕೊಳ್ಳಲು ಹೋದಾಗ ಒಮ್ಮೆ ನಿಂತು ನೋಡಿ.

ವೆಸ್ಟರ್‌ಕೆರ್ಕ್ ಯಾಕೆ ಅಷ್ಟು ಫೇಮಸ್?

ದೊಡ್ಡದು, ಚೆಂದದ್ದು, ಜಾಗ ಒಳ್ಳೆಯದು. ಸುಮಾರು 58 ಮೀಟರ್ ಉದ್ದ, 29 ಮೀಟರ್ ಅಗಲ. ಗೋಪುರ 85 ಮೀಟರಿಗೂ ಎತ್ತರ, ತುದಿಯಲ್ಲಿ ನೀಲಿ ಕಿರೀಟ. ಕಿರೀಟದ ಕಥೆ ಹಳೆಯದು: 1489ರಲ್ಲಿ ಮ್ಯಾಕ್ಸಿಮಿಲಿಯನ್ ದೊರೆ ಊರಿನ ಲಾಂಛನದ ಮೇಲೆ ತನ್ನ ಕಿರೀಟ ಇಟ್ಟುಕೊಳ್ಳಲು ಒಪ್ಪಿಗೆ ಕೊಟ್ಟಿದ್ದ. ಕಥೊಲಿಕ ದೊರೆ ಕೊಟ್ಟ ಕಿರೀಟ ಪ್ರೊಟೆಸ್ಟಂಟ್ ಚರ್ಚ್‌ನ ತಲೆಯ ಮೇಲೆ ಕೂತಿದೆ, ಯಾರಿಗೂ ತಕರಾರಿಲ್ಲ. ಅದು ಊರಿನ ಗೌರವ.

ನಕ್ಷೆಯಲ್ಲಿ ಒಂದು ಜಾಣತನ ಇದೆ. ಸಮ ತೋಳಿನ ಎರಡು ಶಿಲುಬೆಗಳನ್ನು ಪಕ್ಕಪಕ್ಕ ಇಟ್ಟು ಜೋಡಿಸಿದ ಹಾಗೆ. ಹಾಗಾಗಿ ಉದ್ದವಾಗಿದ್ದರೂ ಎರಡೂ ತುದಿ ಒಂದೇ ಥರ, ಕಣ್ಣು ಯಾವುದೋ ಒಂದು ತುದಿಗೆ ಓಡುವುದಿಲ್ಲ. ಝೌಡರ್‌ಕೆರ್ಕ್‌ನಲ್ಲಿ ಸಿಗದೆ ಹೋದ ಉತ್ತರ ಇಲ್ಲಿ ಸಿಕ್ಕಿದೆ. ದೊಡ್ಡ ಕಿಟಕಿಗಳು, ಬಣ್ಣವಿಲ್ಲದ ಗಾಜು. ಮೋಡ ಸರಿದು ಬಿಸಿಲು ಬಿದ್ದರೆ ಬಿಳಿ ಗೋಡೆಯೆಲ್ಲ ಬೆಳಗುತ್ತದೆ. ಆದರೂ ನನ್ನ ಲೆಕ್ಕದಲ್ಲಿ ಇದು ನೋರ್ಡರ್‌ಕೆರ್ಕ್‌ನಷ್ಟು ಮುಂದಿನ ಹೆಜ್ಜೆ ಅಲ್ಲ. ಇಲ್ಲಿ ಊರಿನ ಸಿರಿ ಕಾಣಬೇಕಿತ್ತು, ಕಾಣುತ್ತದೆ.

ಕೆಲಸ ಶುರುವಾದ ಮರುವರ್ಷವೇ ಡೆ ಕೈಸರ್ ತೀರಿಕೊಂಡ. ಮಗ ಪೀಟರ್ ಕೆಲಸ ಮುಂದುವರಿಸಿದ. 1631ರ ಪೆಂತೆಕೋಸ್ತ್ ಹಬ್ಬಕ್ಕೆ ಚರ್ಚ್ ತೆರೆದರು, ಗೋಪುರ ಮುಗಿದದ್ದು 1638ರಲ್ಲಿ. ಮೊದಲಿಗೆ ಇಲ್ಲಿ ಆರ್ಗನ್ ವಾದ್ಯವೂ ಇರಲಿಲ್ಲ. ಆರಾಧನೆಯಲ್ಲಿ ವಾದ್ಯ ಬೇಕಾ ಬೇಡವಾ ಅಂತ ಆ ಕಾಲದಲ್ಲಿ ದೊಡ್ಡ ವಾದ ನಡೆದಿತ್ತು. ಆರ್ಗನ್ ಬಂದದ್ದು 1686ರಲ್ಲಿ.

ಪ್ರಸಂಗ ಕೇಳುವುದಕ್ಕೆ ಗೋಪುರ ಯಾಕೆ?

ಒಳ್ಳೆಯ ಪ್ರಶ್ನೆ. ಆರಾಧನೆಗೆ ಬೇಡ, ಊರಿಗೆ ಬೇಕು. ಜೇಬಿನಲ್ಲಿ ಗಡಿಯಾರ ಇಲ್ಲದ ಕಾಲದಲ್ಲಿ ಹೊತ್ತು ತಿಳಿಯುವುದು ಗೋಪುರದ ಗಂಟೆಯಿಂದ. ಬಂದರಿನ ಕೆಲಸ, ಮಾರುಕಟ್ಟೆ, ಕೋಟೆ ಬಾಗಿಲು ಹಾಕುವುದು, ಎಲ್ಲದಕ್ಕೂ ಅದೇ ಗುರುತು. ಚರ್ಚ್ ಕಟ್ಟಿದ್ದು ನಗರಸಭೆ, ಕಟ್ಟಿದವನು ನಗರಸಭೆಯ ನೌಕರ. ಹಾಗಾಗಿ ಒಳಗೆ ಎಷ್ಟು ಸಾದಾ ಇದ್ದರೂ ಹೊರಗಿನ ಗೋಪುರಕ್ಕೆ ಅಲಂಕಾರ ಮಾಡಲು ಯಾರೂ ಅಡ್ಡ ಬರಲಿಲ್ಲ. ಶಿಲ್ಪಿಯ ಕೈಗೆ ಬಿಡುವು ಸಿಕ್ಕಿದ್ದು ಅಲ್ಲಿ.

ಚರ್ಚ್ ಇಲ್ಲದ ಗೋಪುರಗಳಿಗೂ ಅವನು ತಲೆ ಕಟ್ಟಿಕೊಟ್ಟಿದ್ದಾನೆ. ಹಳೇ ಕೋಟೆಯ ರೆಗ್ಯುಲಿರ್ಸ್ ಬಾಗಿಲು 1618ರಲ್ಲಿ ಬೆಂಕಿಗೆ ಸಿಕ್ಕಿತು. ಉಳಿದ ಬುಡದ ಮೇಲೆ 1620ರಲ್ಲಿ ಎಂಟು ಮೂಲೆಯ ಮೇಲ್ಭಾಗ, ಗಡಿಯಾರ, ಗಾಳಿಯಾಡುವ ಶಿಖರ ಏರಿಸಿದ. ಈಗ ಮುಂಟ್ ಗೋಪುರ ಅನ್ನುವುದು ಅದನ್ನೇ. ಬಂದರಿನ ಹತ್ತಿರದ ಮಾಂಟೆಲ್‌ಬಾನ್ಸ್ ಗೋಪುರದ 1606ರ ಮೇಲ್ಭಾಗವೂ ಅವನದೇ ಅನ್ನುತ್ತಾರೆ.

ಕಟ್ಟುವ ರೀತಿಯಲ್ಲೂ ಲೆಕ್ಕಾಚಾರ ಇದೆ. ಆಮ್‌ಸ್ಟರ್‌ಡಾಮ್‌ನ ನೆಲ ಕೆಸರು. ಮರದ ಗೂಟಗಳನ್ನು ಆಳದ ಗಟ್ಟಿ ಮರಳಿನವರೆಗೂ ಹೊಡೆದು, ಅದರ ಮೇಲೆ ಪಾಯ ಹಾಕಬೇಕು. ಕೆಲವು ದಶಕಗಳ ನಂತರ ಡಾಮ್ ಚೌಕದಲ್ಲಿ ಕಟ್ಟಿದ ಪುರಭವನದ ಕೆಳಗೆ 13,659 ಗೂಟಗಳಿವೆ. ಇಂಥ ನೆಲದಲ್ಲಿ ಮೇಲಿಂದ ಕೆಳಗೆ ಬರೀ ಕಲ್ಲಿನ ಗೋಪುರ ನಿಲ್ಲಿಸುವುದು ಕಷ್ಟ. ಅದಕ್ಕೇ ತುದಿಭಾಗ ಹಗುರ: ಮೊದಲು ಇಟ್ಟಿಗೆ, ಆಮೇಲೆ ಮರಳುಗಲ್ಲು, ತುದಿಗೆ ಮರ ಮತ್ತು ಸೀಸದ ತಗಡು. ಮೂವರು ಮೇಸ್ತ್ರಿಗಳ ಕೆಲಸ ಒಂದೇ ಗೋಪುರದಲ್ಲಿ ಒಂದರ ಮೇಲೊಂದು ಕೂತಿದೆ.

ಮೂರ್ತಿ ಬೇಡ ಅನ್ನುವವರ ನಡುವೆ ಶಿಲ್ಪಿಗೆ ಕೆಲಸ ಹೇಗೆ ಸಿಕ್ಕಿತು?

ಸಂತರ ಮೂರ್ತಿ ಬೇಡ, ನಿಜ. ಆದರೆ ದೇಶಕ್ಕಾಗಿ ಸತ್ತವರ ಸಮಾಧಿಗೆ ಬೇಡ ಅನ್ನಲಿಲ್ಲ. ಸ್ಪೇನಿನ ವಿರುದ್ಧದ ಹೋರಾಟದ ಮುಖಂಡ ಆರೇಂಜ್ ವಂಶದ ವಿಲ್ಲೆಮ್ 1584ರಲ್ಲಿ ಡೆಲ್ಫ್ಟ್ ಊರಿನಲ್ಲಿ ಕೊಲೆಯಾದ. 1614ರಲ್ಲಿ ಆ ಸಮಾಧಿಯ ಕೆಲಸ ಡೆ ಕೈಸರ್‌ಗೆ ಬಂತು. ಬಿಳಿ ಅಮೃತಶಿಲೆಯಲ್ಲಿ ಮಲಗಿದ ವಿಲ್ಲೆಮ್, ಕಾಲ ಬುಡದಲ್ಲಿ ಅವನ ನಾಯಿ, ತುತ್ತೂರಿ ಊದುತ್ತಾ ಮೇಲಕ್ಕೆ ಹಾರಲು ಹೊರಟ ಕಂಚಿನ ಕೀರ್ತಿದೇವತೆ. ಇದನ್ನೂ ಮುಗಿಸಿದ್ದು ಮಗ ಪೀಟರ್. ಡೆಲ್ಫ್ಟ್‌ನ ಈ ಸಮಾಧಿ ಇರುವ ಚರ್ಚ್ ಎದುರಿನ ಚೌಕದ ಇನ್ನೊಂದು ತುದಿಯಲ್ಲಿರುವ ಪುರಭವನವೂ ಡೆ ಕೈಸರ್‌ನದೇ. 1618ರ ಬೆಂಕಿಯಲ್ಲಿ ಸುಟ್ಟದ್ದನ್ನು, ಹಳೆಯ ಕಲ್ಲಿನ ಗೋಪುರ ಉಳಿಸಿಕೊಂಡು, ಎರಡೇ ವರ್ಷದಲ್ಲಿ ಎಬ್ಬಿಸಿದ.

ರೋಟರ್‌ಡಾಮ್‌ಗೆ ಮಾಡಿಕೊಟ್ಟ ಎರಾಸ್ಮಸ್ ಪ್ರತಿಮೆ ಇನ್ನೊಂದು. ಪುಸ್ತಕದ ಹಾಳೆ ತಿರುವುತ್ತಾ ನಿಂತ ವಿದ್ವಾಂಸ. 1622ರಲ್ಲಿ ನಿಲ್ಲಿಸಿದ್ದು, ದೇಶದ ಅತಿ ಹಳೆಯ ಕಂಚಿನ ಪ್ರತಿಮೆ. ಊರಿನ ಕೆಲವು ಸಭಾಪಾಲಕರು ವಿರೋಧಿಸಿದ್ದರು, ಆದರೂ ನಗರಸಭೆ ನಿಲ್ಲಿಸಿತು. 1940ರ ಬಾಂಬ್ ದಾಳಿಯಲ್ಲಿ ರೋಟರ್‌ಡಾಮ್‌ನ ನಡುಭಾಗವೇ ನಾಶವಾದರೂ ಪ್ರತಿಮೆ ಉಳಿಯಿತು.

ಲಂಡನ್‌ಗೆ ಯಾಕೆ ಹೋಗಿದ್ದ?

ಷೇರು, ಸರಕು ವ್ಯಾಪಾರಕ್ಕೆ ಒಂದು ಕಟ್ಟಡ ಬೇಕಿತ್ತು. 1607ರಲ್ಲಿ ನಗರಸಭೆ ಅವನನ್ನು ಲಂಡನ್ನಿನ ರಾಯಲ್ ಎಕ್ಸ್‌ಚೇಂಜ್ ನೋಡಿ ಬರಲು ಕಳಿಸಿತು. ಬಂದು 1608ರಿಂದ 1611ರೊಳಗೆ ರೋಕಿನ್ ಬೀದಿಯಲ್ಲಿ ನೀರಿನ ಮೇಲೆಯೇ ಕಟ್ಟಿದ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಷೇರು ಕೈ ಬದಲಾಗುತ್ತಿದ್ದದ್ದು ಅಲ್ಲಿ. ಮುಂದೆ ನಮ್ಮ ಬಸ್ರೂರಿನಲ್ಲಿ ಅಕ್ಕಿ, ಮೆಣಸು ಕೊಂಡ ಕಂಪನಿ ಅದೇ. ಕಟ್ಟಡವನ್ನು 19ನೇ ಶತಮಾನದಲ್ಲಿ ಕೆಡವಿದರು.

ಆ ಪ್ರಯಾಣದಲ್ಲಿ ನಿಕೊಲಸ್ ಸ್ಟೋನ್ ಎಂಬ ಇಂಗ್ಲಿಷ್ ಹುಡುಗನ ಪರಿಚಯವಾಯಿತು. ಆಮ್‌ಸ್ಟರ್‌ಡಾಮ್‌ಗೆ ಬಂದು ಇವನ ಕೈಕೆಳಗೆ ಕೆಲಸ ಮಾಡಿ, 1613ರಲ್ಲಿ ಮಗಳು ಮರಿಯಾಳನ್ನು ಮದುವೆಯಾಗಿ ಇಂಗ್ಲೆಂಡಿಗೆ ಮರಳಿದ. ಮುಂದೆ ಅಲ್ಲಿನ ದೊಡ್ಡ ಶಿಲ್ಪಿಗಳಲ್ಲಿ ಒಬ್ಬನಾದ.

ಮಕ್ಕಳೆಲ್ಲ ಇದೇ ಕೆಲಸ ಮಾಡಿದರಾ?

ಪೀಟರ್ ಅಪ್ಪನ ಹುದ್ದೆಗೇ ಬಂದ. ವಿಲ್ಲೆಮ್ ಕೂಡ ಕಲ್ಲಿನ ಕೆಲಸದವನು, ಇಂಗ್ಲೆಂಡಿನಲ್ಲಿ ಹಲವು ವರ್ಷ ಇದ್ದ. ಥಾಮಸ್ ಚಿತ್ರಕಾರ. ರೆಂಬ್ರಾಂಟ್ ಬಂದು ಹೆಸರು ಮಾಡುವವರೆಗೆ ಆಮ್‌ಸ್ಟರ್‌ಡಾಮ್‌ನಲ್ಲಿ ಭಾವಚಿತ್ರ ಬರೆಸಬೇಕೆಂದರೆ ಜನ ಹೋಗುತ್ತಿದ್ದದ್ದು ಅವನ ಹತ್ತಿರ. ಅವನೂ ಕೊನೆಗೆ 1662ರಲ್ಲಿ ಊರಿನ ಕಲ್ಲುಕುಟಿಗನ ಹುದ್ದೆ ಹಿಡಿದ, ಅಪ್ಪನದೇ ಕುರ್ಚಿ.

ಇಷ್ಟು ದೊಡ್ಡವನಾದರೆ ಅವನ ಶೈಲಿ ಮುಂದುವರಿಯಬೇಕಿತ್ತಲ್ವಾ?

ಬೇಗ ಹಳತಾಯಿತು. ಅವನ ಗೋಡೆಗಳು ಕೆಂಪು ಇಟ್ಟಿಗೆಯವು, ನಡುನಡುವೆ ಬಿಳಿ ಕಲ್ಲಿನ ಪಟ್ಟಿ, ಸುರುಳಿ, ಮುಖಗಳು, ಬೇಕೆಂದೇ ನಡುವೆ ಮುರಿದಂತೆ ಬಿಟ್ಟ ತ್ರಿಕೋನಗಳು. ಉಲ್ಲಾಸದ ಕೆಲಸ. ಹೆರೆನ್‌ಗ್ರಾಖ್ಟ್ ಕಾಲುವೆಯ 170ನೇ ನಂಬರಿನ ಬಾರ್ಟೊಲೊಟ್ಟಿ ಮನೆ ನೋಡಿದರೆ ಗೊತ್ತಾಗುತ್ತದೆ. ಅವನು ಸತ್ತ ಸ್ವಲ್ಪ ವರ್ಷಕ್ಕೇ ಯಾಕೊಬ್ ವಾನ್ ಕಾಂಪೆನ್ ಎಂಬ ಆರ್ಕಿಟೆಕ್ಟ್ ಮತ್ತು ಅವನ ಗೆಳೆಯರು ಇಟಲಿಯ ಅಳತೆಯ ನೇರ, ಗಂಭೀರ ಶೈಲಿ ತಂದರು. ಸಿರಿವಂತರಿಗೆ ಅದೇ ಹಿಡಿಸಿತು. ಆದರೆ ಒಂದನ್ನು ಗಮನಿಸಿ. ವಾನ್ ಕಾಂಪೆನ್ 1640ರ ದಶಕದಲ್ಲಿ ಹಾರ್ಲೆಮ್‌ನಲ್ಲಿ ಕಟ್ಟಿದ ಚರ್ಚ್‌ನ ನಕ್ಷೆ ಚೌಕದೊಳಗೆ ಸಮ ತೋಳಿನ ಶಿಲುಬೆ. ಅಲಂಕಾರ ಬದಲಾಯಿತು, ಸುತ್ತ ಕೂತು ಕೇಳುವ ಆಕಾರ ಉಳಿಯಿತು.

ಡೆ ಕೈಸರ್ ಹೆಸರು ಮರೆತೂ ಹೋಗಲಿಲ್ಲ. ಅವನು ಸತ್ತ ಹತ್ತು ವರ್ಷಕ್ಕೆ, 1631ರಲ್ಲಿ, ಅವನ ಕಟ್ಟಡಗಳ ನಕ್ಷೆಗಳನ್ನು ಸೇರಿಸಿ ಸಾಲೊಮನ್ ಡೆ ಬ್ರೇ ವಿವರಣೆ ಬರೆದ ಪುಸ್ತಕ ಅಚ್ಚಾಯಿತು. ನೆದರ್ಲೆಂಡ್ಸ್‌ನಲ್ಲಿ ಹಳೆಯ ಮನೆಗಳನ್ನು ಕೊಂಡು ಕಾಪಾಡುವ ಸಂಘವೊಂದು 1918ರಲ್ಲಿ ಶುರುವಾದಾಗ ಇಟ್ಟುಕೊಂಡದ್ದು ಇವನದೇ ಹೆಸರು. ಆ ಸಂಘದ ಕೈಯಲ್ಲಿ ಈಗ 400ಕ್ಕೂ ಹೆಚ್ಚು ಕಟ್ಟಡಗಳಿವೆ.

ರೆಂಬ್ರಾಂಟ್, ಆನ್ ಫ್ರಾಂಕ್ ಇವರಿಗೂ ಈ ಚರ್ಚ್‌ಗಳಿಗೂ ಏನು ಸಂಬಂಧ?

ರೆಂಬ್ರಾಂಟ್‌ನ ಮೂವರು ಎಳೆಯ ಮಕ್ಕಳನ್ನು ಝೌಡರ್‌ಕೆರ್ಕ್‌ನಲ್ಲಿ ಹೂಳಿದರು. 1669ರಲ್ಲಿ ಅವನನ್ನೇ ವೆಸ್ಟರ್‌ಕೆರ್ಕ್‌ನಲ್ಲಿ, ಬಾಡಿಗೆಯ ಗುಂಡಿಯಲ್ಲಿ. ಕೈಯಲ್ಲಿ ಕಾಸಿರಲಿಲ್ಲ. ಈಗ ಗೋಡೆಯ ಮೇಲೆ ಸ್ಮಾರಕ ಫಲಕ ಇದೆ, ಸಮಾಧಿಯ ಗುರುತಿಲ್ಲ.

ಯಹೂದಿ ಹುಡುಗಿ ಆನ್ ಫ್ರಾಂಕ್ ಕುಟುಂಬ ಜರ್ಮನರ ಕಣ್ಣು ತಪ್ಪಿಸಿ ಅಡಗಿದ್ದ ಪ್ರಿನ್ಸೆನ್‌ಗ್ರಾಖ್ಟ್ 263 ಆ ಗೋಪುರದ ಪಕ್ಕದಲ್ಲೇ. 1942ರ ಜುಲೈಯಲ್ಲಿ ಬಂದ ಕೆಲವೇ ದಿನಕ್ಕೆ ಆಕೆ ಡೈರಿಯಲ್ಲಿ ಬರೆದಿದ್ದಾಳೆ. ಕಾಲು ಗಂಟೆಗೊಮ್ಮೆ ಬಾರಿಸುವ ಗಂಟೆಗೆ ಮನೆಯ ಉಳಿದವರು ಇನ್ನೂ ಹೊಂದಿಕೊಂಡಿಲ್ಲ, ಆಕೆಗೆ ಮಾತ್ರ ಮೊದಲ ದಿನದಿಂದಲೇ ಇಷ್ಟ, ರಾತ್ರಿಯಂತೂ ಧೈರ್ಯ ಕೊಡುತ್ತದೆ ಅಂತ. ಹೊರಗೆ ಕಾಲಿಡಲಾಗದ ಹದಿಮೂರು ವರ್ಷದ ಹುಡುಗಿಗೆ ಆ ಸದ್ದು ತಲುಪುತ್ತಿತ್ತು. ಈಗ ಅಲ್ಲಿ ನಿಂತು ಗಂಟೆ ಕೇಳಿದಾಗಲೆಲ್ಲ ನನಗೆ ಆಕೆಯೇ ನೆನಪು.

ನಮಗೆ ಒಂದೇ ದಿನ ಇದೆ. ಏನು ನೋಡಲಿ?

ಬೆಳಗ್ಗೆ ನೋರ್ಡರ್‌ಕೆರ್ಕ್‌ನಿಂದ ಶುರು ಮಾಡಿ, ಶನಿವಾರವಾದರೆ ಇನ್ನೂ ಒಳ್ಳೆಯದು. ಬೆಂಚಿನ ಮೇಲೆ ಕೂತು ಪ್ರಸಂಗ ಪೀಠದ ಕಡೆ ನೋಡಿ, ಆಮೇಲೆ ಎದ್ದು ಇನ್ನೊಂದು ತೋಳಿನಲ್ಲಿ ಕೂತು ನೋಡಿ. ಅಲ್ಲಿಂದ ಪ್ರಿನ್ಸೆನ್‌ಗ್ರಾಖ್ಟ್ ಹಿಡಿದು ದಕ್ಷಿಣಕ್ಕೆ ಸುಮ್ನೆ ಹತ್ತು ನಿಮಿಷ ನಡೆದರೆ ವೆಸ್ಟರ್‌ಕೆರ್ಕ್. ಮಧ್ಯಾಹ್ನ ಬಾರ್ಟೊಲೊಟ್ಟಿ ಮನೆ, ಮುಂಟ್ ಗೋಪುರ. ಬಾಗಿಲು ತೆರೆದಿರುವ ಹೊತ್ತು ದಿನಕ್ಕೊಂದು ಥರ ಇರುತ್ತದೆ, ಮೊದಲೇ ನೋಡಿಕೊಂಡು ಹೋಗಿ. ಎರಡನೇ ದಿನ ಸಿಕ್ಕಿದರೆ ರೈಲು ಹತ್ತಿ ಡೆಲ್ಫ್ಟ್‌ಗೆ ಹೋಗಿಬನ್ನಿ.

ಸಂಜೆಗೆ ಝೌಡರ್‌ಕೆರ್ಕ್ ಇಟ್ಟುಕೊಳ್ಳಿ. ಗ್ರೂನ್‌ಬರ್ಗ್‌ವಾಲ್ ಕಾಲುವೆಯ ಸೇತುವೆಯಿಂದ ನೋಡಿದರೆ ಮೋನೆ ಕಂಡ ನೋಟ ಸಿಗುತ್ತದೆ, ಬಿಸಿಲು ಇಳಿಯುವಾಗ ಗೋಪುರದ ಕಲ್ಲು ಹೊಂಬಣ್ಣಕ್ಕೆ ತಿರುಗುತ್ತದೆ. ಡೆ ಕೈಸರ್‌ನನ್ನು 1621ರಲ್ಲಿ ಹೂಳಿದ್ದು ಆ ಚರ್ಚ್‌ನಲ್ಲೇ. ಮೂರು ಚರ್ಚ್‌ಗಳಲ್ಲಿ ಪೂರ್ತಿ ಮುಗಿದದ್ದನ್ನು ಅವನು ಕಣ್ಣಾರೆ ಕಂಡದ್ದು ಅದೊಂದನ್ನೇ.